ಮತಾಧಿಕಾರ ಮತ್ತು ಸುಧಾರಣೆ: ಹತ್ತೊಂಬತ್ತನೆಯ ಶತಮಾನದ ಬ್ರಿಟನ್ನಿನಲ್ಲಿ ಯಾವುದು ಮೊದಲು?

ಪ್ರಜಾಪ್ರಭುತ್ವದ ಇತಿಹಾಸವನ್ನು ಬೋಧಿಸುವಾಗ ನಾವು ಸಾಮಾನ್ಯವಾಗಿ ಒಂದು ಕ್ರಮವನ್ನು ಅನುಸರಿಸುತ್ತೇವೆ. ಮೊದಲು ಜನರಿಗೆ ಮತ ದೊರೆಯಿತು. ಮತ ಪಡೆದವರು ತಮ್ಮ ಪ್ರತಿನಿಧಿಗಳನ್ನು ಆರಿಸಿದರು. ಆ ಪ್ರತಿನಿಧಿಗಳು ಕಾರ್ಖಾನೆ, ಶಾಲೆ, ಆರೋಗ್ಯಗಳಿಗೆ ಸಂಬಂಧಿಸಿದ ಸುಧಾರಣೆಗಳನ್ನು ತಂದರು ಎಂಬುದು ಆ ಕ್ರಮ. ಕೈಗಾರಿಕೀಕರಣ ಮೊದಲು ಕಾಣಿಸಿಕೊಂಡ ಬ್ರಿಟನ್ನನ್ನೇ ಇದಕ್ಕೆ ನಿದರ್ಶನವಾಗಿ ಕೊಡುವುದೂ ರೂಢಿ. ಆದರೆ ಅಲ್ಲಿನ ಶಾಸನಗಳನ್ನು ವರ್ಷಾನುಕ್ರಮವಾಗಿ ಇರಿಸಿ ನೋಡಿದರೆ ಈ ಕ್ರಮ ನಿಲ್ಲುವುದಿಲ್ಲ. ಮತವಿಲ್ಲದ ಕಾಲದಲ್ಲಿ ಕೆಲವು ಮುಖ್ಯ ಸುಧಾರಣೆಗಳು ಬಂದಿವೆ. ಮತ ವಿಸ್ತಾರಗೊಂಡ ಕೂಡಲೇ ಬಡವರ ಮೇಲೆ ಕಠೋರವಾದ ಶಾಸನವೊಂದು ಬಂದಿದೆ. ಈ ವೈಚಿತ್ರ್ಯದ ಅರ್ಥವೇನೆಂಬುದನ್ನು ಪ್ರಸ್ತುತ ಲೇಖನದಲ್ಲಿ ಪರಿಶೀಲಿಸಲು ಯತ್ನಿಸಿದ್ದೇವೆ.

1

1832ಕ್ಕೆ ಮುಂಚಿನ ಪಾರ್ಲಿಮೆಂಟಿನಲ್ಲಿ ಮ್ಯಾಂಚೆಸ್ಟರ್, ಬರ್ಮಿಂಗ್‌ಹ್ಯಾಮ್, ಲೀಡ್ಸ್‌ನಂತಹ ಗಿರಣಿ ನಗರಗಳಿಗೆ ತಮ್ಮದೇ ಆದ ಪ್ರತಿನಿಧಿಗಳಿರಲಿಲ್ಲ. ಆದರೆ ಜನವಸತಿಯೇ ಇಲ್ಲದ ಓಲ್ಡ್ ಸೇರಮ್ ಎಂಬ ದಿಬ್ಬಕ್ಕೆ ಇಬ್ಬರು ಸದಸ್ಯರಿದ್ದರು. ಬಹುಭಾಗ ಕಡಲುಪಾಲಾಗಿದ್ದ ಡನ್‌ವಿಚ್ ಊರಿಗೂ ಇಬ್ಬರಿದ್ದರು. 1819ರ ಆಗಸ್ಟ್ 16ರಂದು ಮ್ಯಾಂಚೆಸ್ಟರಿನ ಸೇಂಟ್ ಪೀಟರ್ಸ್ ಮೈದಾನದಲ್ಲಿ ಪ್ರಾತಿನಿಧ್ಯವನ್ನು ಕೇಳಲು ಸೇರಿದ್ದ ಸುಮಾರು 60 ಸಾವಿರ ಜನರ ಮೇಲೆ ಅಶ್ವದಳ ಕತ್ತಿ ಬೀಸಿತು. ಹದಿನೈದರಷ್ಟು ಮಂದಿ ಸತ್ತರು, ನೂರಾರು ಜನ ಗಾಯಗೊಂಡರು. ನಾಲ್ಕು ವರ್ಷಗಳ ಹಿಂದೆ ನಡೆದಿದ್ದ ವಾಟರ್ಲೂ ಕದನವನ್ನು ಅಣಕಿಸಿ ಜನ ಇದನ್ನು ‘ಪೀಟರ್ಲೂ’ ಎಂದು ಕರೆದರು.

1832ರ ಸುಧಾರಣಾ ಶಾಸನ ಈ ಒತ್ತಡದ ಫಲ. ಇದು 56 ಕೊಳೆತ ಕ್ಷೇತ್ರಗಳನ್ನು ರದ್ದುಗೊಳಿಸಿ ಕೈಗಾರಿಕಾ ನಗರಗಳಿಗೆ ಸ್ಥಾನ ನೀಡಿತು. ಆದರೆ ನಗರಗಳಲ್ಲಿ ವರ್ಷಕ್ಕೆ 10 ಪೌಂಡ್ ಬಾಡಿಗೆ ಬಾಳುವ ಮನೆಯುಳ್ಳವನಿಗೆ ಮಾತ್ರ ಮತವೆಂದು ವಿಧಿಸಿತು. ಇಂಗ್ಲೆಂಡ್ ಮತ್ತು ವೇಲ್ಸ್‌ಗಳಲ್ಲಿ ವಯಸ್ಕ ಗಂಡಸರ ಪೈಕಿ ಐವರಲ್ಲಿ ಒಬ್ಬನಿಗಷ್ಟೇ ಮತ ದೊರೆತಂತಾಯಿತು. ಚಳವಳಿಯಲ್ಲಿ ಹೆಗಲುಕೊಟ್ಟ ನೇಕಾರ, ಕಮ್ಮಾರ, ಗಣಿಗಾರರು ಹೊರಗೇ ಉಳಿದರು. ಮತದಾರ ‘ಪುರುಷ’ನಾಗಿರಬೇಕೆಂದು ಸ್ಪಷ್ಟ ಶಬ್ದಗಳಲ್ಲಿ ಹೇಳಿ, ಅದುವರೆಗೆ ರೂಢಿಯಲ್ಲಿದ್ದ ಸ್ತ್ರೀಯರ ಬಹಿಷ್ಕಾರವನ್ನು ಈ ಶಾಸನ ಕಾನೂನಾಗಿಸಿತು.

2

ಹೊಸ ಮತದಾರರು ಮಾಡಿದ ಮೊದಲ ಆಯ್ಕೆಗಳಲ್ಲೊಂದನ್ನು ನಾವಿಲ್ಲಿ ಗಮನಿಸಬೇಕು. ಗಿರಣಿಗಳ ಮಕ್ಕಳ ಸ್ಥಿತಿಯನ್ನು ಕುರಿತು ಸಾಕ್ಷ್ಯ ಸಂಗ್ರಹಿಸಿದ ಸಮಿತಿಗೆ ಅಧ್ಯಕ್ಷನಾಗಿದ್ದವನು, ಹತ್ತು ಗಂಟೆಗಳ ದುಡಿಮೆಯ ಮಸೂದೆಯನ್ನು ಮಂಡಿಸಿದವನು ಮೈಕೆಲ್ ಸ್ಯಾಡ್ಲರ್. ಈತ ಟೋರಿ ಪಕ್ಷದವನು, 1832ರ ಶಾಸನದ ವಿರೋಧಿ. ಅದೇ ವರ್ಷದ ಡಿಸೆಂಬರಿನಲ್ಲಿ ಲೀಡ್ಸ್ ನಗರ ಪ್ರಥಮ ಬಾರಿಗೆ ತನ್ನ ಪ್ರತಿನಿಧಿಗಳನ್ನು ಆರಿಸಿದಾಗ ಸ್ಯಾಡ್ಲರ್ ಸೋತ. ಗೆದ್ದವರು ನಾರುಗಿರಣಿಯ ಮನೆತನದ ಜಾನ್ ಮಾರ್ಷಲ್ ಮತ್ತು ನಮ್ಮ ಶಿಕ್ಷಣದ ಚರಿತ್ರೆಯಲ್ಲಿ ಚಿರಪರಿಚಿತನಾದ ಥಾಮಸ್ ಮೆಕಾಲೆ. ಮಕ್ಕಳಿಗೆ ಮತವಿರಲಿಲ್ಲ, ಅವರ ತಂದೆತಾಯಿಗಳಿಗೂ ಇರಲಿಲ್ಲ. ಗಿರಣಿಯ ಒಡೆಯನಿಗೆ ಇತ್ತು.

ಹೀಗಿದ್ದರೂ 1833ರಲ್ಲಿ ಕಾರ್ಖಾನೆ ಶಾಸನ ಬಂದಿತು. ಒಂಬತ್ತು ವರ್ಷದೊಳಗಿನ ಮಕ್ಕಳನ್ನು ರೇಷ್ಮೆಯ ಹೊರತು ಉಳಿದ ಬಟ್ಟೆಗಿರಣಿಗಳಲ್ಲಿ ದುಡಿಸುವುದನ್ನು ಅದು ನಿಷೇಧಿಸಿತು. 1802 ಮತ್ತು 1819ರ ಶಾಸನಗಳು ಕಾಗದದಲ್ಲೇ ಉಳಿದಿದ್ದವು. ಈ ಬಾರಿ ಸರ್ಕಾರವೇ ನಾಲ್ವರು ತನಿಖಾಧಿಕಾರಿಗಳನ್ನು ನೇಮಿಸಿತು. ಈ ನಾಲ್ವರ ಮತ್ತು ಅವರ ಉತ್ತರಾಧಿಕಾರಿಗಳ ವರದಿಗಳು ಮುಂದಿನ ಶಾಸನಗಳಿಗೆ ಆಧಾರವಾದವು. 1842ರ ಗಣಿ ಶಾಸನ ಸ್ತ್ರೀಯರನ್ನೂ ಹತ್ತು ವರ್ಷದೊಳಗಿನ ಹುಡುಗರನ್ನೂ ನೆಲದಡಿಯ ದುಡಿಮೆಯಿಂದ ಬಿಡಿಸಿತು. 1847ರ ಶಾಸನ ಸ್ತ್ರೀಯರ ಮತ್ತು ಹದಿನೆಂಟರ ಒಳಗಿನವರ ದುಡಿಮೆಯನ್ನು ಹತ್ತು ಗಂಟೆಗೆ ಮಿತಿಗೊಳಿಸಿತು.

ಇವೆಲ್ಲವೂ ಕಾರ್ಮಿಕರಿಗೆ ಮತವಿಲ್ಲದ ಕಾಲದ ಶಾಸನಗಳು. ಇವುಗಳ ಹಿಂದೆ ಧಾರ್ಮಿಕ ಅಂತಃಕರಣವಿತ್ತು, ವಿಚಾರಣಾ ಸಮಿತಿಗಳ ಮುಂದೆ ನುಡಿದ ಸಾಕ್ಷಿಗಳ ಧೈರ್ಯವಿತ್ತು. ಭೂಮಾಲೀಕರಿಗೂ ಗಿರಣಿ ಮಾಲೀಕರಿಗೂ ಇದ್ದ ವೈರವೂ ಇತ್ತು. 1846ರಲ್ಲಿ ಧಾನ್ಯ ಕಾನೂನುಗಳು ರದ್ದಾದುದರಿಂದ ಕುಪಿತರಾದ ಭೂಮಾಲೀಕರಲ್ಲಿ ಅನೇಕರು ಮರುವರ್ಷ ಹತ್ತು ಗಂಟೆಯ ಮಸೂದೆಯನ್ನು ಬೆಂಬಲಿಸಿದರು.

ಇದೇ ಅವಧಿಯಲ್ಲಿ, 1834ರಲ್ಲಿ, ಸುಧಾರಿತ ಪಾರ್ಲಿಮೆಂಟು ಬಡವರ ಪರಿಹಾರ ಶಾಸನವನ್ನು ತಿದ್ದಿತು. ನೆರವು ಬೇಕಾದವರು ವರ್ಕ್‌ಹೌಸ್ ಎಂಬ ದುಡಿಮೆಯ ಮನೆಯನ್ನು ಸೇರಬೇಕು. ಅಲ್ಲಿ ಗಂಡ, ಹೆಂಡತಿ, ಮಕ್ಕಳು ಬೇರೆಬೇರೆಯಾಗಿರಬೇಕು. ಅಲ್ಲಿನ ಬದುಕು ಹೊರಗಿನ ಅತಿ ಬಡ ಕೂಲಿಯವನ ಬದುಕಿಗಿಂತ ಹೀನವಾಗಿರಬೇಕು ಎಂಬುದು ಅದರ ತತ್ತ್ವ. ಅದೇ ವರ್ಷ ಟಾಲ್‌ಪಡ್ಲ್ ಗ್ರಾಮದ ಆರು ಮಂದಿ ಕೃಷಿಕೂಲಿಗಳನ್ನು, ಸಂಘ ಕಟ್ಟುವಾಗ ಗುಪ್ತ ಪ್ರಮಾಣ ಮಾಡಿಸಿದರೆಂಬ ಅಪರಾಧಕ್ಕಾಗಿ, ಆಸ್ಟ್ರೇಲಿಯಾಕ್ಕೆ ಗಡೀಪಾರು ಮಾಡಲಾಯಿತು.

ಮಕ್ಕಳಿಗೆ ರಕ್ಷಣೆ, ಸಂಘ ಕಟ್ಟಿದವನಿಗೆ ಗಡೀಪಾರು: ಇವೆರಡೂ ಒಂದೇ ಪಾರ್ಲಿಮೆಂಟಿನ ಕಾಲದವು. ತಮ್ಮನ್ನು ತಾವು ಕಾಪಾಡಿಕೊಳ್ಳಲಾರರೆಂದು ಭಾವಿಸಲಾದವರಿಗೆ ಕರುಣೆ ದೊರೆಯಿತು. ಕಾಪಾಡಿಕೊಳ್ಳಲು ಹೊರಟವರಿಗೆ ದಂಡನೆ ದೊರೆಯಿತು.

3

ಕಾರ್ಮಿಕರು ಈ ಅಂತರವನ್ನು ಚೆನ್ನಾಗಿ ಅರಿತಿದ್ದರು. 1838ರಲ್ಲಿ ಪ್ರಕಟವಾದ ‘ಜನತೆಯ ಸನ್ನದು’ ಆರು ಬೇಡಿಕೆಗಳನ್ನು ಮುಂದಿಟ್ಟಿತು: ಎಲ್ಲ ವಯಸ್ಕ ಪುರುಷರಿಗೆ ಮತ, ಗುಪ್ತ ಮತದಾನ, ಸದಸ್ಯರಿಗೆ ಆಸ್ತಿಯ ಅರ್ಹತೆಯ ರದ್ದತಿ, ಸದಸ್ಯರಿಗೆ ವೇತನ, ಸಮಾನ ಕ್ಷೇತ್ರಗಳು, ವಾರ್ಷಿಕ ಚುನಾವಣೆ. ಗಮನಾರ್ಹವಾದುದೆಂದರೆ, ಇವುಗಳಲ್ಲಿ ಕೂಲಿಯ ಮಾತಿಲ್ಲ, ರೊಟ್ಟಿಯ ಮಾತಿಲ್ಲ. ಹಸಿದವರು ಅನ್ನದ ಬದಲು ಮತವನ್ನು ಕೇಳಿದರು; ಮತವಿದ್ದರೆ ಅನ್ನವನ್ನು ಬೇಡಬೇಕಾಗಿಲ್ಲವೆಂಬ ತಿಳಿವಳಿಕೆ ಅದರ ಹಿಂದಿತ್ತು. 1839ರ ಮನವಿಗೆ 12 ಲಕ್ಷಕ್ಕೂ, 1842ರ ಮನವಿಗೆ 33 ಲಕ್ಷಕ್ಕೂ ಮೀರಿ ಸಹಿಗಳಿದ್ದವು. ಕಾಮನ್ಸ್ ಸಭೆ ಎರಡನೆಯ ಮನವಿಯನ್ನು ಪರಿಗಣಿಸಲು 287ಕ್ಕೆ 49 ಮತಗಳಿಂದ ನಿರಾಕರಿಸಿತು. ಅಂದು ಮೆಕಾಲೆ ಆಡಿದ ಮಾತಿನ ಸಾರ, ಸಾರ್ವತ್ರಿಕ ಮತಾಧಿಕಾರವೂ ಆಸ್ತಿಯ ಭದ್ರತೆಯೂ ಒಟ್ಟಿಗೆ ಬಾಳಲಾರವು ಎಂಬುದಾಗಿತ್ತು. 1848ರ ಮೂರನೆಯ ಮನವಿಯೊಡನೆ ಚಳವಳಿ ಕುಗ್ಗಿತು.

1867ರ ಶಾಸನ ನಗರದ ಮನೆವಂದಿಗ ಕಾರ್ಮಿಕನಿಗೆ ಮತ ನೀಡಿ ಮತದಾರರ ಸಂಖ್ಯೆಯನ್ನು ಸುಮಾರು ಇಮ್ಮಡಿಗೊಳಿಸಿತು. ಆಗ ಜಾನ್ ಸ್ಟುವರ್ಟ್ ಮಿಲ್ ‘ಪುರುಷ’ ಎಂಬುದರ ಬದಲು ‘ವ್ಯಕ್ತಿ’ ಎಂದಿರಲೆಂದು ತಂದ ತಿದ್ದುಪಡಿ 196ಕ್ಕೆ 73 ಮತಗಳಿಂದ ಬಿದ್ದುಹೋಯಿತು. ಆದರೆ ಆ ನಂತರದ ಶಾಸನಗಳ ಸ್ವರೂಪವೇ ಬೇರೆಯಾಯಿತು. 1870ರಲ್ಲಿ ಪ್ರಾಥಮಿಕ ಶಿಕ್ಷಣ, 1871ರಲ್ಲಿ ಕಾರ್ಮಿಕ ಸಂಘಗಳಿಗೆ ಕಾನೂನಿನ ಮಾನ್ಯತೆ, 1872ರಲ್ಲಿ ಗುಪ್ತ ಮತದಾನ ಬಂದವು. ಅದುವರೆಗೆ ಕರಾರು ಮುರಿದ ಕೆಲಸಗಾರ ಸೆರೆಮನೆಗೆ ಹೋಗಬೇಕಾಗಿತ್ತು, ಕರಾರು ಮುರಿದ ಒಡೆಯ ಹಣ ತೆತ್ತರೆ ಸಾಕಾಗಿತ್ತು. 1875ರಲ್ಲಿ ಈ ತಾರತಮ್ಯ ಅಳಿಯಿತು. ಕರುಣೆ ಹಕ್ಕಾಗಿ ಮಾರ್ಪಟ್ಟುದು ಇಲ್ಲಿ. ಇದೇ ಬಗೆಯ 1859ರ ಕಾನೂನು ಮತವಿಲ್ಲದ ಭಾರತದಲ್ಲಿ 1925ರವರೆಗೂ ತೋಟದ ಕೂಲಿಗಳ ಮೇಲೆ ಜಾರಿಯಲ್ಲಿದ್ದುದನ್ನು ನೆನೆದರೆ ಮತದ ಬೆಲೆ ಮನದಟ್ಟಾಗುತ್ತದೆ.

4

ಹಾಗೆಂದು 1867 ಅಥವಾ 1884ರ ಶಾಸನಗಳು ಗಂಡಸರೆಲ್ಲರನ್ನು ಒಳಗೊಂಡವೆಂದು ಭಾವಿಸಿದರೆ ತಪ್ಪಾದೀತು. 1910ರ ವೇಳೆಗೂ ವಯಸ್ಕ ಗಂಡಸರಲ್ಲಿ ನೂರಕ್ಕೆ ಸುಮಾರು 40 ಮಂದಿ ಪಟ್ಟಿಯ ಹೊರಗಿದ್ದರು. ಇದಕ್ಕೆ ಮುಖ್ಯ ಕಾರಣಗಳಲ್ಲೊಂದು ಹನ್ನೆರಡು ತಿಂಗಳ ವಾಸದ ನಿಯಮ. ಕೆಲಸವನ್ನರಸಿ ಊರಿಂದೂರಿಗೆ, ಕೋಣೆಯಿಂದ ಕೋಣೆಗೆ ಹೋಗುವವನು ಒಂದೆಡೆ ವರ್ಷ ತುಂಬುವ ಮೊದಲೇ ಸ್ಥಳ ಬದಲಿಸುತ್ತಿದ್ದ. ಕೈಗಾರಿಕೆ ಅವನನ್ನು ಚಲಿಸುವಂತೆ ಮಾಡಿತು. ಕಾನೂನು ನಿಂತವನಿಗೆ ಮಾತ್ರ ಮತ ನೀಡಿತು. 1918ರಲ್ಲಿ ಆಸ್ತಿಯ ನಿಬಂಧನೆ ಗಂಡಸರಿಗೆ ಹೋಯಿತು, ವಾಸದ ಅವಧಿ ಆರು ತಿಂಗಳಿಗೆ ಇಳಿಯಿತು. ಮೂವತ್ತು ದಾಟಿದ ಸ್ತ್ರೀಯರಿಗೆ ನಿಬಂಧನೆಗಳೊಡನೆ ಮತ ದೊರೆಯಿತು. ಸ್ತ್ರೀಪುರುಷ ಸಮಾನತೆ ಬಂದುದು 1928ರಲ್ಲಿ.

ಅದೇ 1928ರಲ್ಲಿ ಸೈಮನ್ ಆಯೋಗದ ಮುಂದೆ ಡಾ. ಅಂಬೇಡ್ಕರರು ಭಾರತಕ್ಕೆ ವಯಸ್ಕ ಮತಾಧಿಕಾರವನ್ನು ಕೇಳಿದರು. 1935ರ ಶಾಸನ ಆಸ್ತಿ ಮತ್ತು ವಿದ್ಯೆಗಳ ಆಧಾರದ ಮೇಲೆ ಸುಮಾರು ಮೂರು ಕೋಟಿ ಜನರಿಗಷ್ಟೇ ಮತ ನೀಡಿತು. 1950ರ ಸಂವಿಧಾನ ಬ್ರಿಟನ್ನು ಶತಮಾನದುದ್ದಕ್ಕೂ ಮೆಟ್ಟಿಲು ಮೆಟ್ಟಿಲಾಗಿ ಏರಿದ ಎತ್ತರವನ್ನು ಒಂದೇ ಹೆಜ್ಜೆಯಲ್ಲಿ ಏರಿತು. 1951–52ರ ಚುನಾವಣೆಯ ಪಟ್ಟಿಯಲ್ಲಿ ಹದಿನೇಳು ಕೋಟಿಗೂ ಹೆಚ್ಚು ಜನರಿದ್ದರು. ನಮ್ಮಲ್ಲಿ ಮತ ಮೊದಲು ಬಂದಿತು, ಸುಧಾರಣೆ ಅದರ ಹಿಂದೆ ಬರಬೇಕಾಯಿತು.

ಆದರೂ ಬ್ರಿಟನ್ನಿನ ಕಥೆಯ ಒಂದು ಎಳೆ ನಮ್ಮನ್ನು ಬಿಟ್ಟಿಲ್ಲ. ನಮ್ಮ ಕಾನೂನಿನಲ್ಲಿಯೂ ಮತದಾರನು ಒಂದು ಕ್ಷೇತ್ರದ ‘ಸಾಮಾನ್ಯ ನಿವಾಸಿ’ಯಾಗಿರಬೇಕು. ಹೊಟ್ಟೆಪಾಡಿಗಾಗಿ ಮುಂಬಯಿ, ಪುಣೆ, ಹೈದರಾಬಾದುಗಳಿಗೆ ಬಂದು ಕಟ್ಟಡದ ಕೆಲಸದಲ್ಲೋ ಹೋಟೆಲಿನ ಅಡುಗೆಮನೆಯಲ್ಲೋ ದುಡಿಯುವ ಎಷ್ಟೋ ಕನ್ನಡಿಗರ ಹೆಸರು ಊರಿನ ಪಟ್ಟಿಯಲ್ಲೇ ಉಳಿದಿರುತ್ತದೆ. ಮತ ಹಾಕಬೇಕಾದರೆ ಕೂಲಿ ಬಿಟ್ಟು ಬಸ್ಸು ಹಿಡಿಯಬೇಕು. ದುಡಿಯುವ ಊರಿನಲ್ಲಿ ಅವರು ನೀರು, ನೆಲೆ, ಮಕ್ಕಳ ಶಾಲೆಗಳನ್ನು ಕೇಳುವುದು ಮತದಾರರಾಗಿ ಅಲ್ಲ, ಮನವಿದಾರರಾಗಿ. 1833ರ ಬ್ರಿಟನ್ನು ನಮಗೆ ಕಲಿಸುವುದು ಇದನ್ನೇ: ಮನವಿದಾರನಿಗೆ ಏನೂ ದೊರೆಯುವುದಿಲ್ಲವೆಂದಲ್ಲ, ದೊರೆತದ್ದು ಕೊಡುವವನ ಮನಸ್ಸಿನಷ್ಟೇ ದೊಡ್ಡದಾಗಿರುತ್ತದೆ. ಹೊರನಾಡಿನ ಕನ್ನಡಿಗರ ಚರಿತ್ರೆಯನ್ನು ಬರೆಯುವವರು ಸಂಘಸಂಸ್ಥೆಗಳ ವಾರ್ಷಿಕ ವರದಿಗಳ ಜೊತೆಗೆ ಮತದಾರರ ಪಟ್ಟಿಗಳನ್ನೂ ತೆರೆದು ನೋಡಬೇಕೆಂದು ನಾವು ಸೂಚಿಸಬಯಸುತ್ತೇವೆ. ಅಲ್ಲಿ ಇರುವ ಹೆಸರುಗಳಷ್ಟೇ ಇಲ್ಲದ ಹೆಸರುಗಳೂ ಮಾತನಾಡುತ್ತವೆ.