ಕೆಸುವಿನ ಕುಲದ ಕೆಂಪು ಹೂ

ಶ್ರಾವಣ ಬಂತೆಂದರೆ ದಾದರ್ ಮಾರುಕಟ್ಟೆಯಲ್ಲಿ ಕೆಸುವಿನ ಎಲೆಯ ಕಟ್ಟುಗಳನ್ನು ಕಂಡು ನಮ್ಮವರ ಮುಖ ಅರಳುತ್ತದೆ. ಮರಾಠಿಗರಿಗೆ ಅದು 'ಅಳೂ', ನಮಗೆ ಪತ್ರೊಡೆ. ಹಾಗೆಯೇ ಮುಂದೆ ಹೂವಿನ ಪೇಟೆಗೆ ಹೋದರೆ ಮೇಣ ಬಳಿದಂತೆ ಹೊಳೆಯುವ ಕೆಂಪು ಆಂಥೂರಿಯಂ ಹೂಗಳು ಕಾಣುತ್ತವೆ. ಇವೆರಡೂ ಒಂದೇ ಕುಟುಂಬದ ಸಸ್ಯಗಳೆಂದರೆ ಅನೇಕರು ನಂಬಲಾರರು. ನಮ್ಮ ಸುವರ್ಣಗಡ್ಡೆಯೂ ಇದೇ ಬಳಗದ್ದು. ಗಂಟಲಲ್ಲಿ ನವೆ ಎಬ್ಬಿಸುವ ಆಕ್ಸಲೇಟ್ ಹರಳುಗಳು ಈ ಮನೆತನದ ಗುಣ. ಕೆಸುವಿಗೆ ಹುಣಸೆಹಣ್ಣಿನ ಮದ್ದುಂಟು. ಆಂಥೂರಿಯಂ ಮಾತ್ರ ತಿನ್ನತಕ್ಕದ್ದಲ್ಲ, ಮಕ್ಕಳಿರುವ ಮನೆಯಲ್ಲಿ ಎಚ್ಚರವಿರಲಿ.

ನಾವು ಹೂವೆನ್ನುವ ಕೆಂಪು ಭಾಗ ನಿಜವಾಗಿ ಹೂವಲ್ಲ, ಬಣ್ಣ ತಳೆದ ಎಲೆ. ಅದರ ನಡುವೆ ಬಾಲದಂತೆ ನಿಂತ ಕಡ್ಡಿಯ ಮೇಲೆ ಒತ್ತೊತ್ತಾಗಿ ಕುಳಿತ ಪುಟ್ಟ ಕಣಗಳೇ ಅಸಲು ಹೂಗಳು. 'ಹೂ' ಮತ್ತು 'ಬಾಲ' ಎಂಬ ಅರ್ಥದ ಗ್ರೀಕ್ ಪದಗಳನ್ನು ಕೂಡಿಸಿ 1829ರಲ್ಲಿ ಈ ಹೆಸರನ್ನಿಟ್ಟವರು ವಿಯೆನ್ನಾದ ಸಸ್ಯಶಾಸ್ತ್ರಜ್ಞ ಹೈನ್ರಿಖ್ ಶಾಟ್.

ಇಂದು ಪೇಟೆಯಲ್ಲಿ ಕಾಣುವ ಜಾತಿಯ ಕಥೆ ಅದಕ್ಕಿಂತ ಈಚಿನದು. 1876ರಲ್ಲಿ ಫ್ರೆಂಚ್ ತೋಟಗಾರಿಕಾ ತಜ್ಞ ಎಡ್ವಾರ್ ಆಂದ್ರೆ ದಕ್ಷಿಣ ಅಮೆರಿಕದಲ್ಲಿ ಸಂಚರಿಸುತ್ತಿದ್ದಾಗ ಕೊಲಂಬಿಯಾದ ಮಳೆಕಾಡಿನಲ್ಲಿ ಇದನ್ನು ಕಂಡು, ಬೆಲ್ಜಿಯಂನ ಜಾನ್ ಲಿಂಡೆನ್ ಅವರ ಸಸ್ಯಕ್ಷೇತ್ರಕ್ಕೆ ಕಳುಹಿಸಿದರು. ಮರುವರ್ಷವೇ ಅದು 'ಆಂಥೂರಿಯಂ ಆಂದ್ರೆಯಾನಂ' ಎಂದು ನಾಮಕರಣಗೊಂಡಿತು. ಆದರೆ ಯೂರೋಪಿನ ಚಳಿಯಲ್ಲಿ ಬಿಸಿ ಮಾಡಿದ ಗಾಜಿನ ಮನೆಯಿದ್ದವರಿಗಷ್ಟೇ ಅದನ್ನು ಬೆಳೆಸುವ ಭಾಗ್ಯ!

1889ರಲ್ಲಿ ಸ್ಯಾಮ್ಯುಯೆಲ್ ಡೇಮನ್ ಎಂಬವರು ಲಂಡನ್ನಿನಿಂದ ಗಿಡಗಳನ್ನು ತಂದು ಹವಾಯಿಯ ಹೊನೊಲುಲು ಸಮೀಪದ ತಮ್ಮ ತೋಟದಲ್ಲಿ ನೆಟ್ಟರು. ಅಲ್ಲಿನ ಬೆಚ್ಚನೆಯ ತೇವಕ್ಕೆ ಗಿಡ ಹೊಂದಿಕೊಂಡಿತು. ಶ್ರೀಮಂತರ ತೋಟದಿಂದ ಮರಿ ಮರಿಯಾಗಿ ಕೈ ದಾಟುತ್ತ ಅದು ಸಾಮಾನ್ಯರ ಹಿತ್ತಲು ಸೇರಿತು. ಕಬ್ಬಿನ ತೋಟಗಳ ದುಡಿಮೆಗೆಂದು 1885ರಿಂದ ಹಿಂಡುಹಿಂಡಾಗಿ ಬಂದ ಜಪಾನೀಯರ ಸಂತತಿಯೇ ಮುಂದೆ ಹೀಲೋ ಪಟ್ಟಣದ ಸುತ್ತ, ಜರಿಗಿಡದ ಮರಗಳ ನೆರಳಿನಲ್ಲಿ, ಇದನ್ನು ಉದ್ಯಮವಾಗಿ ಬೆಳೆಸಿತು. ಹಸಿರು–ಕೆಂಪು ಬೆರೆತ ದೊಡ್ಡ ಹೂವಿಗೆ ಅವರಿಟ್ಟ ಹೆಸರು 'ಒಬಾಕೆ', ಅಂದರೆ ಭೂತ. ಪರಊರಿಗೆ ಬಂದವರು ಪರಊರಿನ ಗಿಡಕ್ಕೆ ತಮ್ಮ ಭಾಷೆಯ ಹೆಸರಿಟ್ಟರು.

ಈ ಗಿಡದ ವಂಶ ಬೆಳೆಯುವುದು ಎರಡು ಬಗೆಯಲ್ಲಿ. ಬುಡದಲ್ಲಿ ಒಡೆದ ಮರಿಯನ್ನು ಬೇರು ಸಮೇತ ಬಿಡಿಸಿ ನೆಡಬಹುದು. ಕಾಂಡ ಉದ್ದವಾದರೆ ಎರಡು ಮೂರು ಬೇರುಗಳೊಂದಿಗೆ ತುದಿಯನ್ನು ಕತ್ತರಿಸಿ ನೆಡಬಹುದು. ಇವು ತಾಯಿಯ ತದ್ರೂಪ. ಬೀಜದಿಂದಾದರೆ ತಾಳ್ಮೆ ಬೇಕು. ಒಂದೇ ಹೂವಿನಲ್ಲಿ ಹೆಣ್ಣು ಭಾಗ ಮೊದಲು, ಗಂಡು ಭಾಗ ನಂತರ ಪಕ್ವವಾಗುವುದರಿಂದ ಬೇರೆ ಹೂವಿನ ಪರಾಗ ತಂದು ಹಚ್ಚಬೇಕು. ಹಣ್ಣಾಗಲು ಆರೇಳು ತಿಂಗಳು, ಸಸಿ ಹೂ ಬಿಡಲು ಮತ್ತೆರಡು ಮೂರು ವರ್ಷ. ಹವಾಯಿ ವಿಶ್ವವಿದ್ಯಾಲಯದಲ್ಲಿ 1950ರಲ್ಲಿ ಆರಂಭವಾದ ತಳಿ ಸಂಶೋಧನೆಗೆ ಹರುಯುಕಿ ಕಾಮೆಮೊಟೊ ತಮ್ಮ ಜೀವನವನ್ನೇ ಮುಡಿಪಾಗಿಟ್ಟರು.

1980ರ ಸುಮಾರಿಗೆ ಹವಾಯಿಯಲ್ಲಿ ವರ್ಷಕ್ಕೆ ಸುಮಾರು 3 ಕೋಟಿ ಹೂ ಮಾರಾಟವಾಗುತ್ತಿತ್ತು. ಆಗ ಬಂದಿತು ಬ್ಯಾಕ್ಟೀರಿಯಾದ ಅಂಗಮಾರಿ ರೋಗ. ಹತ್ತು ವರ್ಷಗಳಲ್ಲಿ ಇಳುವರಿ ಅರ್ಧಕ್ಕಿಳಿದು ಅನೇಕ ಸಣ್ಣ ಬೆಳೆಗಾರರು ಕಸುಬು ಬಿಟ್ಟರು. ಮಳೆಯ ಹನಿಯಿಂದ ಮಾತ್ರವಲ್ಲ, ಹೂ ಕೊಯ್ಯುವ ಚಾಕುವಿನಿಂದಲೂ, ಪ್ರೀತಿಯಿಂದ ಹಂಚಿದ ಮರಿಗಳಿಂದಲೂ ರೋಗ ಹರಡಿತ್ತು. ಗಿಡವನ್ನು ಬಡವರ ಮನೆಗೆ ತಲುಪಿಸಿದ ದಾರಿಯೇ ರೋಗಕ್ಕೂ ದಾರಿಯಾಯಿತು.

ಇದನ್ನು ಓದಿದಾಗ ನನಗೆ ನನ್ನದೇ ತಪ್ಪು ನೆನಪಾಯಿತು. ತಂಗಿ ಮಡಿಕೇರಿಯಿಂದ ತಂದುಕೊಟ್ಟ ಗಿಡ ನಮ್ಮ ಕ್ವಾರ್ಟರ್ಸಿನ ಬಾಲ್ಕನಿಯಲ್ಲಿ ಮರಿ ಹಾಕಿತ್ತು. ಕೊಳೆತ ಎಲೆ ಕತ್ತರಿಸಿದ ಚಾಕುವಿನಿಂದಲೇ ಮರಿಗಳನ್ನು ಬಿಡಿಸಿ ಎರಡು ಮನೆಗೆ ಹಂಚಿದೆ. ಎರಡೇ ತಿಂಗಳಲ್ಲಿ ಮೂರೂ ಮನೆಯ ಗಿಡಗಳ ಎಲೆಯಂಚು ಹಳದಿಯಾಗಿ, ಬುಡ ಕೊಳೆಯಿತು. ಎದುರು ಮನೆಯ ಅಜ್ಜಿ ಕುಂಡವನ್ನು ತೊಳೆದು ಹಿಂದಿರುಗಿಸಿದರು, ಒಂದು ಮಾತೂ ಆಡಲಿಲ್ಲ. ಬಿ.ಎಸ್ಸಿ. ಓದಿದವನಿಗೆ ಅಷ್ಟು ತಿಳಿಯಬೇಡವೆ?

ರೋಗಕ್ಕೆ ಒಂದು ಮಟ್ಟಿನ ಪರಿಹಾರ ಒದಗಿದ್ದು ಪ್ರಯೋಗಶಾಲೆಯಿಂದ. 1974ರಲ್ಲಿ ಹಾಲೆಂಡಿನ ವಿಜ್ಞಾನಿ ಪಿಯೆರಿಕ್ ಮತ್ತು ಸಂಗಡಿಗರು ಆಂಥೂರಿಯಂನ ಅಂಗಾಂಶ ಕೃಷಿಯ ವಿಧಾನ ಪ್ರಕಟಿಸಿದ್ದರು. ಗಾಜಿನ ಸೀಸೆಯಲ್ಲಿ ಬೆಳೆದ ಶುದ್ಧ ಸಸಿಗಳಿಂದ ತೋಟಗಳನ್ನು ಹೊಸದಾಗಿ ಕಟ್ಟುವುದು ಸಾಧ್ಯವಾಯಿತು. ನಮ್ಮ ಕೊಡಗಿನಲ್ಲಿ ಕಾಫಿ ತೋಟಗಳ ನಡುವೆ, ನೆರಳುಬಲೆಯ ಕೆಳಗೆ ಅರಳುವ ಹೂಗಳಲ್ಲೂ ಡಚ್ ತಳಿಗಳಿವೆ.

ಬಾಲ್ಕನಿಯಲ್ಲಿ ಬೆಳೆಸುವವರಿಗೆ ನನ್ನ ಮಾತಿಷ್ಟೆ: ತೆಂಗಿನ ಸಿಪ್ಪೆ, ಇದ್ದಿಲು ಬೆರೆಸಿದ ಸಡಿಲ ಮಿಶ್ರಣ, ನೇರ ಬಿಸಿಲಿಲ್ಲದ ಬೆಳಕು, ಬುಡಕ್ಕೆ ಮಾತ್ರ ನೀರು, ಮತ್ತು ಒಂದೊಂದು ಗಿಡ ಮುಟ್ಟುವ ಮುನ್ನವೂ ಸ್ಪಿರಿಟ್‌ನಲ್ಲಿ ಒರೆಸಿದ ಚಾಕು. ತಂಗಿ ಮತ್ತೊಂದು ಗಿಡ ಕೊಟ್ಟಿದ್ದಾಳೆ. ಅದು ಮರಿ ಹಾಕಿದರೆ ಮೊದಲನೆಯದು ಎದುರು ಮನೆಯ ಅಜ್ಜಿಗೆ.