ಕೋವಿ, ಕಾನೂನು ಮತ್ತು ಅಶೋಕಪುರಂ ಪಾರ್ಕು

ಮೈಸೂರಿನ ಅಶೋಕಪುರಂ ದಲಿತರ ಹೋರಾಟದ ಬದುಕಿಗೆ ಹೆಸರಾದ ಬಡಾವಣೆ. ಅಲ್ಲಿನ ಅಂಬೇಡ್ಕರ್ ಪಾರ್ಕಿನಲ್ಲಿ ಸಂಜೆ ಹೊತ್ತು ಹಿರಿಯರು ಪೇಪರು ಹಿಡಿದು ಕೂರುವುದುಂಟು. ಅವರಲ್ಲಿ ರೈಲ್ವೆ ವರ್ಕ್‌ಶಾಪಿನಲ್ಲಿ ದುಡಿದು ನಿವೃತ್ತರಾದ ಒಬ್ಬರು ನನಗೆ ಹಳೆಯ ಪರಿಚಯ. ಒಮ್ಮೆ ಅಮೆರಿಕದ ಸುದ್ದಿಯೊಂದನ್ನು ಓದಿ ಮುಗಿಸಿ ಕನ್ನಡಕದ ಮೇಲಿಂದ ನೋಡುತ್ತ ಕೇಳಿದರು: “ಸಾಹೇಬ್ರೆ, ಆ ದೇಶದಲ್ಲಿ ಸೊಂಟಕ್ಕೆ ಪಿಸ್ತೂಲು ಸಿಕ್ಕಿಸ್ಕೊಂಡು ಪಾರ್ಕಿಗೆ ಬರ್ಬೋದೋ ಬ್ಯಾಡ್ವೋ ಅಂತ ಕೋರ್ಟಲ್ಲಿ ಜಗಳವಂತೆ. ನಮ್ಮಲ್ಲಿ ಕಾನೂನು ಏನನ್ನುತ್ತೆ?”

ನನಗೆ ತಿಳಿದಷ್ಟು ಹೇಳಿದೆ. 1959ರ ಆಯುಧ ಕಾಯ್ದೆಯ ಪ್ರಕಾರ ಪರವಾನಗಿ ಇಲ್ಲದೆ ಯಾರೂ ಬಂದೂಕು ಇಟ್ಟುಕೊಳ್ಳುವಂತಿಲ್ಲ. ಪರವಾನಗಿ ಇದ್ದವರಿಗೂ ಷರತ್ತುಗಳಿವೆ. ಜಿಲ್ಲಾ ಅಧಿಕಾರಿಯ ವಿಶೇಷ ಅನುಮತಿಯಿಲ್ಲದೆ ಜಾತ್ರೆಗೆ, ಧಾರ್ಮಿಕ ಮೆರವಣಿಗೆಗೆ, ಜನ ನೆರೆದ ಸಭೆಗೆ, ಶಾಲಾ ಕಾಲೇಜುಗಳ ಆವರಣಕ್ಕೆ ಆಯುಧ ಒಯ್ಯಬಾರದು. 2016ರ ಆಯುಧ ನಿಯಮಗಳ ಪ್ರಕಾರ ಸಾರ್ವಜನಿಕ ಸ್ಥಳದಲ್ಲಿ ಪಿಸ್ತೂಲು ಚೀಲದಲ್ಲಿ ಮುಚ್ಚಿರಬೇಕು. ಅದನ್ನು ಹೊರತೆಗೆದು ಝಳಪಿಸಿದರೆ ಪರವಾನಗಿಗೇ ಸಂಚಕಾರ. ಮದುವೆ ಮೆರವಣಿಗೆಯಲ್ಲಿ ಖುಷಿಗೆ ಗುಂಡು ಹಾರಿಸುವುದಕ್ಕೂ 2019ರ ತಿದ್ದುಪಡಿ ಎರಡು ವರ್ಷದವರೆಗೆ ಜೈಲು ಇಟ್ಟಿದೆ. ಈ ಷರತ್ತುಗಳ ಪಟ್ಟಿಯಲ್ಲಿ ಪಾರ್ಕು ಎಂಬ ಹೆಸರಿಲ್ಲ. ಆದರೆ ಪಾರ್ಕಿನಲ್ಲಿ ಸಭೆ ಸೇರಿದರೆ ಅದೂ ಜನ ನೆರೆದ ಜಾಗವೇ.

ಹಿರಿಯರು ನಕ್ಕರು. “ಕಾನೂನು ಬ್ಯಾಡ ಅನ್ನೋದು ಸರಿ ಬುಡಿ. ನಮ್ಮ ತಾತನ ಕಾಲದಲ್ಲಿ ಮೇಲಿನ ಕೇರೀಲಿ ಚಪ್ಪಲಿ ಮೆಟ್ಕೊಂಡು ನಡೆಯಾಕೂ ಬುಡ್ತಿರ್ಲಿಲ್ಲ. ಇನ್ನು ಕೋವಿ ಹಿಡಿಯೋರು ನಾವಾ?”

ಆ ಮಾತು ನನ್ನನ್ನು ಬಹಳ ದಿನ ಕಾಡಿತು. ಆಯುಧದ ಕಾನೂನನ್ನು ನಾವು ಶಾಂತಿ ಸುವ್ಯವಸ್ಥೆಯ ಪ್ರಶ್ನೆಯೆಂದು ಮಾತ್ರ ತಿಳಿದಿದ್ದೇವೆ. ಅದರ ಚರಿತ್ರೆಯನ್ನು ಕೆದಕಿದರೆ ಬೇರೊಂದು ಪ್ರಶ್ನೆ ಮೇಲೆ ಬರುತ್ತದೆ: ಆಳುವವರು ಯಾರನ್ನು ನಂಬಿದರು, ಯಾರನ್ನು ನಂಬಲಿಲ್ಲ?

*

ಕನ್ನಡ ನಾಡಿನಲ್ಲಿ ಈ ಪ್ರಶ್ನೆಗೆ ರಕ್ತದ ಉತ್ತರ ಬರೆದವರು ಹಲಗಲಿಯ ಬೇಡರು. 1857ರ ಬಂಡಾಯಕ್ಕೆ ಬೆದರಿದ ಕಂಪನಿ ಸರಕಾರ ಜನರ ಕೈಯಿಂದ ಆಯುಧ ಕಿತ್ತುಕೊಳ್ಳುವ ಕಾಯ್ದೆ ತಂದಿತು. ಮುಧೋಳ ಸಂಸ್ಥಾನಕ್ಕೆ ಸೇರಿದ ಸಣ್ಣ ಹಳ್ಳಿ ಹಲಗಲಿ. ಅಲ್ಲಿನ ಬೇಡರಿಗೆ ಹತಾರವೆಂದರೆ ಬೇಟೆ, ಬೆಳೆ ಕಾವಲು, ಮಾನ ಎಲ್ಲವೂ. ಉರ್ದು ಶಾಲೆಯಲ್ಲಿ ನಾನು ಕಲಿತ ‘ಹಥಿಯಾರ್’ ಎಂಬ ಪದವೇ ಉತ್ತರ ಕರ್ನಾಟಕದವರ ಬಾಯಲ್ಲಿ ‘ಹತಾರ’. ಅದನ್ನು ಒಪ್ಪಿಸಲಾರೆವು ಎಂದು ಬೇಡರು ನಿಂತರು. ನವೆಂಬರ್ ಕೊನೆಯಲ್ಲಿ ಕಂಪನಿಯ ದಂಡು ಊರಿನ ಮೇಲೆ ಬಿತ್ತು, ಮನೆಗಳಿಗೆ ಬೆಂಕಿ ಬಿತ್ತು. ಡಿಸೆಂಬರ್‌ನಲ್ಲಿ ಮುಧೋಳದಲ್ಲೂ ಹಲಗಲಿಯಲ್ಲೂ ಒಟ್ಟು 19 ಜನರನ್ನು ಗಲ್ಲಿಗೇರಿಸಲಾಯಿತು. ಜನ ಈ ಸಂಕಟವನ್ನು ಲಾವಣಿ ಕಟ್ಟಿ ಹಾಡಿದರು. ಆ ಹಾಡನ್ನು ಸಂಗ್ರಹಿಸಿ ಅಚ್ಚು ಹಾಕಿಸಿದವನು ಜೆ.ಎಫ್. ಫ್ಲೀಟ್ ಎಂಬ ಬ್ರಿಟಿಷ್ ಅಧಿಕಾರಿಯೇ ಎಂಬುದು ಚರಿತ್ರೆಯ ಸೋಜಿಗ. ನಮ್ಮ ಮಕ್ಕಳು ಇಂದಿಗೂ ಅದನ್ನು ಶಾಲೆಯ ಪಠ್ಯದಲ್ಲಿ ಓದುತ್ತಾರೆ.

ಮುಂದೆ 1878ರಲ್ಲಿ ವೈಸರಾಯ್ ಲಿಟ್ಟನ್ ಕಾಲದಲ್ಲಿ ಭಾರತೀಯ ಆಯುಧ ಕಾಯ್ದೆ ಬಂತು. ಭಾರತೀಯನಿಗೆ ಪರವಾನಗಿ ಬೇಕು, ಯೂರೋಪಿಯನ್ನನಿಗೆ ಬೇಡ. ಚರ್ಮದ ಬಣ್ಣವೇ ನಡತೆಯ ಸರ್ಟಿಫಿಕೇಟು! ಮೈಸೂರು ಸಂಸ್ಥಾನವೂ ಇದೇ ಅನುಮಾನದ ನೆರಳಿನಲ್ಲಿತ್ತು. 1881ರಲ್ಲಿ ಒಡೆಯರಿಗೆ ರಾಜ್ಯ ಮರಳಿಸುವಾಗ ಬ್ರಿಟಿಷರು ಹಾಕಿದ ಷರತ್ತುಗಳಲ್ಲಿ ಕೋಟೆ ಕಟ್ಟಬಾರದು, ಆಯುಧ ತಯಾರಿಸಲು ಬಿಡಬಾರದು ಎಂಬುವೂ ಇದ್ದವು. ಹೈದರ್ ಮತ್ತು ಟಿಪ್ಪುವಿನ ಕಾಲದಲ್ಲಿ ರಾಕೆಟ್ ಹಾರಿಸಿದ ಸೀಮೆಗೆ ಬಂದ ಕಟ್ಟು ಇದು.

ಇದಕ್ಕೆ ಎದುರಾಗಿ ಬೇರೆ ನಡೆ ಕಂಡದ್ದು ಕೊಡಗಿನಲ್ಲಿ. ಬ್ರಿಟಿಷರು ಕೊಡವರನ್ನು ನಂಬಿಗಸ್ಥರೆಂದು ಎಣಿಸಿದರು. 1861ರಲ್ಲಿ ಮೈಸೂರು ಮತ್ತು ಕೊಡಗಿನ ಕಮಿಷನರ್ ಮಾರ್ಕ್ ಕಬ್ಬನ್ ಅವರನ್ನು ನಿಶ್ಶಸ್ತ್ರೀಕರಣದ ಕಾಯ್ದೆಯಿಂದ ಹೊರಗಿಟ್ಟ. ಹಬ್ಬದಲ್ಲಿ ಕೋವಿಯನ್ನು ಪೂಜಿಸುವ, ಮಗು ಹುಟ್ಟಿದರೆ ಗುಂಡು ಹಾರಿಸುವ ಆ ಸಂಸ್ಕೃತಿಗೆ ಸ್ವತಂತ್ರ ಭಾರತವೂ ಮನ್ನಣೆ ಕೊಟ್ಟಿತು. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ವಿನಾಯಿತಿಯನ್ನು ಕೇಂದ್ರ ಸರಕಾರ 2019ರಲ್ಲಿ ಮತ್ತೆ ಹತ್ತು ವರ್ಷ, ಎಂದರೆ 2029ರವರೆಗೆ ವಿಸ್ತರಿಸಿತು. 2021ರಲ್ಲಿ ಕರ್ನಾಟಕ ಹೈಕೋರ್ಟು ಅದನ್ನು ಎತ್ತಿಹಿಡಿಯಿತು. ನನಗೆ ಕೊಡವರ ಕೋವಿಯ ಬಗ್ಗೆ ತಕರಾರಿಲ್ಲ; ಅದು ಅವರ ಬದುಕಿನ ಭಾಗ. ಆದರೆ ಒಂದೇ ಕಾಲದಲ್ಲಿ ಹಲಗಲಿಯವರ ಹತಾರ ಅಪರಾಧವಾಗಿ, ಇನ್ನೊಂದು ಕಡೆಯ ಕೋವಿ ಗೌರವವಾದದ್ದನ್ನು ಮರೆಯಬಾರದು. ಕೋವಿಯ ಜಾತಿ ಬೇರೆಯಾಗಿರಲಿಲ್ಲ. ಹಿಡಿದ ಕೈಯ ಬಗ್ಗೆ ಆಳುವವರ ಲೆಕ್ಕಾಚಾರ ಬೇರೆಯಾಗಿತ್ತು.

*

ಬ್ರಿಟಿಷರಿಗಿಂತ ಬಹಳ ಮೊದಲೇ ಈ ನಾಡಿನಲ್ಲಿ ಬರೆಯದ ಆಯುಧ ಕಾಯ್ದೆಯೊಂದಿತ್ತು. ಅದು ಜಾತಿ. ಇದನ್ನು ಅತ್ಯಂತ ಸ್ಪಷ್ಟವಾಗಿ ಗುರುತಿಸಿದವರು ಅಂಬೇಡ್ಕರ್. 1936ರಲ್ಲಿ ಲಾಹೋರಿನ ಸಮ್ಮೇಳನಕ್ಕೆಂದು ಅವರು ಸಿದ್ಧಪಡಿಸಿ, ಸಂಘಟಕರು ಹಿಂಜರಿದಾಗ ತಾವೇ ಪ್ರಕಟಿಸಿದ ‘ಜಾತಿ ವಿನಾಶ’ದಲ್ಲಿ ಒಂದು ಪ್ರಶ್ನೆಯಿದೆ: ಇಷ್ಟೊಂದು ಅನ್ಯಾಯವಿದ್ದರೂ ಕೆಳಜಾತಿಗಳು ದಂಗೆಯೇಳಲಿಲ್ಲ ಯಾಕೆ? ಅವರಿಗೆ ಆಯುಧ ಹಿಡಿಯುವ ಹಕ್ಕಿರಲಿಲ್ಲ, ಓದುವ ಹಕ್ಕಿರಲಿಲ್ಲ ಎಂಬುದೇ ಅವರ ಉತ್ತರ. ಇದು ಪುಸ್ತಕದಿಂದ ಬಂದ ಮಾತಷ್ಟೇ ಅಲ್ಲ. ಅವರ ತಂದೆ ರಾಮಜಿ ಸೇನೆಯಲ್ಲಿ ಸುಬೇದಾರರಾಗಿದ್ದವರು. ಕೆಲವು ಜಾತಿಗಳು ಮಾತ್ರ ಯುದ್ಧಕ್ಕೆ ಯೋಗ್ಯ ಎಂಬ ಸಿದ್ಧಾಂತ ಹಿಡಿದ ಬ್ರಿಟಿಷರು 1890ರ ದಶಕದಲ್ಲಿ ಮಹಾರರ ನೇಮಕಾತಿಯನ್ನೇ ನಿಲ್ಲಿಸಿದರು. ಆ ಬಾಗಿಲು ಸರಿಯಾಗಿ ತೆರೆದದ್ದು 1941ರಲ್ಲಿ ಮಹಾರ್ ರೆಜಿಮೆಂಟ್ ಹುಟ್ಟಿದಾಗ.

ಇಂಥ ಅಂಬೇಡ್ಕರ್ ಸಂವಿಧಾನ ಬರೆಯುವಾಗ ಆಯುಧದ ಹಕ್ಕು ಕೊಡಬೇಕಿತ್ತಲ್ಲವೆ? ಕುತೂಹಲದ ಸಂಗತಿಯೆಂದರೆ ಆ ಹಕ್ಕಿಗಾಗಿ ಸಂವಿಧಾನ ಸಭೆಯಲ್ಲಿ ವಾದಿಸಿದವರು ಮಂಗಳೂರಿನಲ್ಲಿ ಹುಟ್ಟಿದ ಎಚ್.ವಿ. ಕಾಮತ್. ಐಸಿಎಸ್ ಹುದ್ದೆ ಬಿಟ್ಟು ಸುಭಾಷರ ಜತೆ ಹೋದವರು ಅವರು. 1948ರ ಡಿಸೆಂಬರ್ ಮೊದಲ ದಿನಗಳಲ್ಲಿ ಸ್ವಾತಂತ್ರ್ಯದ ಹಕ್ಕುಗಳ ಪಟ್ಟಿಗೆ ಆಯುಧ ಹೊಂದುವ ಹಕ್ಕನ್ನೂ ಸೇರಿಸಿ ಎಂದು ತಿದ್ದುಪಡಿ ತಂದರು. ಅವರ ವಾದಕ್ಕೆ ಬಲವಿತ್ತು. 1931ರ ಕರಾಚಿ ಕಾಂಗ್ರೆಸ್ಸಿನ ನಿರ್ಣಯದಲ್ಲೇ ಆ ಹಕ್ಕಿತ್ತು. ಅಹಿಂಸೆಯ ಗಾಂಧಿಯೇ ಇಡೀ ದೇಶದ ಕೈಯಿಂದ ಆಯುಧ ಕಿತ್ತುಕೊಂಡ ಕಾಯ್ದೆಯನ್ನು ಬ್ರಿಟಿಷರ ದುಷ್ಕೃತ್ಯಗಳಲ್ಲಿ ಕಡುಕಪ್ಪಾದುದೆಂದು ದೂರಿದ್ದರು.

ಅಂಬೇಡ್ಕರ್ ಒಪ್ಪಲಿಲ್ಲ. ಪರದೇಶದ ಸರಕಾರ ಆಳುತ್ತಿದ್ದಾಗ ಆ ಬೇಡಿಕೆಗೆ ಅರ್ಥವಿತ್ತು, ಈಗ ಸರಕಾರ ನಮ್ಮದೇ. ಯಾರು ಬೇಕಾದರೂ ಸಂತೆಯಿಂದ ಆಯುಧ ಕೊಂಡು ತರುವ ಹಕ್ಕು ಪಡೆದರೆ ರಾಜ್ಯ ನಡೆಯುವುದು ಹೇಗೆ ಎಂದು ಕೇಳಿದರು. ಇಂದಿನ ಹೊತ್ತಿನಲ್ಲಿ ಒತ್ತಿ ಹೇಳಬೇಕಾದದ್ದು ಆಯುಧ ಹಿಡಿಯುವ ಹಕ್ಕನ್ನಲ್ಲ, ದೇಶಕ್ಕಾಗಿ ಅದನ್ನು ಹಿಡಿಯುವ ಕರ್ತವ್ಯವನ್ನು ಎಂದರು. ಕಾಮತರ ತಿದ್ದುಪಡಿ ಬಿದ್ದುಹೋಯಿತು. ಸಂವಿಧಾನದ 19ನೇ ವಿಧಿ ನಮಗೆ ಕೊಟ್ಟದ್ದು ಶಾಂತಿಯಿಂದ, ಆಯುಧವಿಲ್ಲದೆ ಸಭೆ ಸೇರುವ ಹಕ್ಕು. ಸಿಖ್ಖರ ಕಿರ್ಪಾಣಕ್ಕೆ ಮಾತ್ರ ಧರ್ಮದ ಹಕ್ಕಿನಡಿ ಬೇರೆ ಮಾತಿದೆ.

1936ರ ಅಂಬೇಡ್ಕರರಿಗೂ 1948ರ ಅಂಬೇಡ್ಕರರಿಗೂ ಜಗಳವಿದೆಯೆ? ಇಲ್ಲವೆಂದು ನನಗನಿಸುತ್ತದೆ. ಒಬ್ಬನಿಗೆ ಕೊಟ್ಟು ಇನ್ನೊಬ್ಬನಿಗೆ ತಪ್ಪಿಸುವ ಆಯುಧ ಗುಲಾಮಗಿರಿಯ ಸಾಧನ ಎಂಬುದು ಮೊದಲ ಮಾತು. ಎಲ್ಲರ ಕೈಗೂ ಕೊಟ್ಟರೆ ಗೆಲ್ಲುವವನು ಮೊದಲೇ ಬಲಿಷ್ಠನಾದವನೇ ಎಂಬ ಅರಿವು ಎರಡನೆಯದರ ಹಿಂದಿದ್ದೀತು. ಹಳ್ಳಿಯಲ್ಲಿ ಪಿಸ್ತೂಲು ಕೊಳ್ಳುವ ಶಕ್ತಿ ಜೀತದಾಳಿಗೆ ಮೊದಲು ಬರುತ್ತಿತ್ತೋ, ಜಮೀನ್ದಾರನಿಗೋ? ಬಡವನ ಕೈಗೆ ಅವರು ಇಡಬಯಸಿದ್ದು ಓದನ್ನು, ಓಟನ್ನು, ಸಂಘಟನೆಯನ್ನು.

*

ಅಮೆರಿಕದ ಚರಿತ್ರೆ ಇದಕ್ಕೆ ಒಳ್ಳೆಯ ಹೋಲಿಕೆ. ಅಲ್ಲಿ ಆಯುಧ ಸಂವಿಧಾನದ ಹಕ್ಕು. ಆದರೂ ಗುಲಾಮಗಿರಿ ಮುಗಿದ 1865ರಲ್ಲೇ ಮಿಸಿಸಿಪ್ಪಿ ರಾಜ್ಯ, ಬಿಡುಗಡೆಯಾದ ಕರಿಯರು ಲೈಸೆನ್ಸ್ ಇಲ್ಲದೆ ಬಂದೂಕು ಇಟ್ಟುಕೊಳ್ಳಬಾರದೆಂದು ಕಾನೂನು ಮಾಡಿತು. ಹಕ್ಕು ಕಾಗದದಲ್ಲಿದ್ದರೂ ನಂಬಿಕೆ ಬಿಳಿಯರಿಗಷ್ಟೇ ಮೀಸಲು. ಪಾರ್ಕಿನ ಜಗಳವೂ ಹಳೆಯದೇ. ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿನೊಳಗೆ ಬಂದೂಕು ತರಬಾರದೆಂದು 1850ರ ದಶಕದ ಕೊನೆಯಲ್ಲೇ ನಿಯಮವಿತ್ತು. 2010ರಿಂದ ಅಲ್ಲಿನ ರಾಷ್ಟ್ರೀಯ ಉದ್ಯಾನಗಳಲ್ಲಿ ಆಯಾ ರಾಜ್ಯದ ಕಾನೂನು ಒಪ್ಪಿದರೆ ತುಂಬಿದ ಬಂದೂಕು ಒಯ್ಯಬಹುದು. 2022ರಲ್ಲಿ ಸುಪ್ರೀಂ ಕೋರ್ಟು, ಮನೆಯ ಹೊರಗೂ ಪಿಸ್ತೂಲು ಒಯ್ಯುವುದು ಹಕ್ಕು ಎಂದಿತು. ಅದೇ ವರ್ಷ ನ್ಯೂಯಾರ್ಕ್ ರಾಜ್ಯ ಪಾರ್ಕುಗಳನ್ನು ಸೂಕ್ಷ್ಮ ಸ್ಥಳಗಳ ಪಟ್ಟಿಗೆ ಸೇರಿಸಿ ಬಂದೂಕಿಗೆ ಬಾಗಿಲು ಹಾಕಿತು. ಕೋರ್ಟುಗಳಲ್ಲಿ ವಕೀಲರು ನೂರೈವತ್ತು ವರ್ಷದ ಹಿಂದಿನ ಪಾರ್ಕಿನ ನಿಯಮಗಳನ್ನು ಸಾಕ್ಷಿಗೆ ತಂದರು.

ನಾವು ಆ ಕಷ್ಟದಿಂದ ಪಾರಾಗಿದ್ದೇವೆ ಎಂದು ಬೀಗುವ ಹಾಗಿಲ್ಲ. ನಮ್ಮಲ್ಲಿ ಭಯ ಹುಟ್ಟಿಸಲು ಪಿಸ್ತೂಲೇ ಬೇಕಿಲ್ಲ. ಹಬ್ಬ ಯಾರದೇ ಇರಲಿ, ಮೆರವಣಿಗೆಯಲ್ಲಿ ತಲವಾರು ಬೀಸುವ ಹುಡುಗರು ಕಾಣುತ್ತಾರೆ. ಒಬ್ಬರ ಕತ್ತಿಯನ್ನು ಸಂಪ್ರದಾಯವೆಂದೂ ಇನ್ನೊಬ್ಬರ ಕತ್ತಿಯನ್ನು ಸಂಚೆಂದೂ ಕಾಣುವ ಕಣ್ಣು ಇರುವವರೆಗೆ 1878ರ ಕಾಯ್ದೆ ಮನಸ್ಸಿನಿಂದ ರದ್ದಾಗಿಲ್ಲ ಎಂದೇ ಅರ್ಥ. ಚುನಾವಣೆ ಬಂತೆಂದರೆ ಲೈಸೆನ್ಸ್ ಕೋವಿಗಳನ್ನು ಠಾಣೆಯಲ್ಲಿ ಒಪ್ಪಿಸಿ ಎಂಬ ಆದೇಶ ಬರುತ್ತದೆ. ಓಟು ಹಾಕುವವನ ಎದುರು ಕೋವಿ ಇರಬಾರದೆಂಬ ವಿವೇಕ ಅದರಲ್ಲಿದೆ. ಆ ವಿವೇಕ ಹಬ್ಬದ ದಿನವೂ ಎಲ್ಲರಿಗೂ ಒಂದೇ ಸಮನಾಗಿ ಇರಬೇಕು.

ಈ ಬಡಾವಣೆ ಹೊತ್ತಿರುವ ಹೆಸರೂ ಅಂಥದ್ದು. ಅಶೋಕ ಎಂಬ ಹೆಸರನ್ನು ಶಾಸನದಲ್ಲಿ ಮೊದಲು ಗುರುತಿಸಿದ್ದು 1915ರಲ್ಲಿ, ನಮ್ಮ ರಾಯಚೂರು ಸೀಮೆಯ ಮಸ್ಕಿಯಲ್ಲಿ. ಆ ದೊರೆ ಕಳಿಂಗ ಯುದ್ಧಕ್ಕೆ ಪಶ್ಚಾತ್ತಾಪಪಟ್ಟ ಶಾಸನದಲ್ಲೇ ಕಾಡಿನ ಜನರಿಗೆ ಮಾತ್ರ ತನಗಿನ್ನೂ ದಂಡಿಸುವ ಶಕ್ತಿಯಿದೆಯೆಂದು ಎಚ್ಚರಿಸಿದ್ದಾನೆ. ಪ್ರಭುತ್ವ ಕತ್ತಿ ಕೆಳಗಿಟ್ಟರೂ ಒರೆಯ ಮೇಲಿಂದ ಕೈ ತೆಗೆಯುವುದಿಲ್ಲ. ಜನ ಆಯುಧ ಬಿಟ್ಟು ಬರುವುದು, ಕೋವಿ ಹಿಡಿದ ಪ್ರಭುತ್ವ ತಮ್ಮನ್ನು ಸಮನಾಗಿ ಕಾಯುತ್ತದೆಂಬ ಭರವಸೆಯ ಮೇಲೆ. ಆ ಭರವಸೆ ಮುರಿದಲ್ಲಿ ಹಲಗಲಿ ಹುಟ್ಟುತ್ತದೆ.

ಮುಂದಿನ ಬಾರಿ ಸಿಕ್ಕಾಗ ಹಿರಿಯರಿಗೆ ಕಾಮತ್ ಮತ್ತು ಅಂಬೇಡ್ಕರರ ವಾದವನ್ನು ಹೇಳಿದೆ. ಸುಮ್ಮನೆ ಕೇಳಿದರು. ಆಮೇಲೆ ಪಾರ್ಕಿನಲ್ಲಿ ಆಡುತ್ತಿದ್ದ ಮಕ್ಕಳ ಕಡೆ ನೋಡಿ, “ಬಾಬಾಸಾಹೇಬ್ರು ಸರಿಯಾಗೇ ಹೇಳವ್ರೆ. ಬರಿಗೈಲಿ ಬಂದೋನೂ ತಲೆ ಎತ್ಕೊಂಡು ಕೂತ್ಕೊಳೋ ಹಂಗಿರ್ಬೇಕು, ಅಷ್ಟೇ” ಎಂದರು.