ಸಮಾಜವಾದಿ ಶಾಂತವೇರಿ ಗೋಪಾಲಗೌಡ

ಮೈಸೂರು ರಾಜ್ಯದಲ್ಲಿ ಕಾಂಗ್ರೆಸ್ಸಿಗೆ ಎದುರಾಳಿಯೇ ಇಲ್ಲವೆನ್ನುವಂತಿದ್ದ ಕಾಲದಲ್ಲಿ, ಸಣ್ಣ ಪಕ್ಷವೊಂದರಿಂದ ಬಂದು ವಿಧಾನಸಭೆಯ ಗಮನ ಸೆಳೆದವರು ಶಾಂತವೇರಿ ಗೋಪಾಲಗೌಡ. 1923ರಲ್ಲಿ ತೀರ್ಥಹಳ್ಳಿ ಸೀಮೆಯಲ್ಲಿ ಹುಟ್ಟಿದ ಅವರು ವಿದ್ಯಾರ್ಥಿಯಾಗಿದ್ದಾಗಲೇ ಕ್ವಿಟ್ ಇಂಡಿಯಾ ಚಳವಳಿಯಲ್ಲಿ ಜೈಲು ಕಂಡರು.

ಅವರ ರಾಜಕಾರಣ ರೂಪುಗೊಂಡಿದ್ದು ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ. ಅಲ್ಲಿ ಜಗಳ ಶುರುವಾದದ್ದು ಭತ್ತ ಅಳೆಯುವ ಕೊಳಗದಿಂದ. ಗೇಣಿಯ ಭತ್ತ ಅಳೆದುಕೊಳ್ಳುವಾಗ ಜಮೀನಿನ ಒಡೆಯರ ಕೊಳಗ ದೊಡ್ಡದು. ವರ್ಷವಿಡೀ ಗದ್ದೆಯಲ್ಲಿ ದುಡಿದವನ ಪಾಲು ಅಳತೆಯಲ್ಲೇ ಕರಗುತ್ತಿತ್ತು. ಎಚ್. ಗಣಪತಿಯಪ್ಪ ಸಂಘಟಿಸಿದ್ದ ದೀವರ ಸಮುದಾಯದ ಗೇಣಿದಾರರ ಈ ಹೋರಾಟಕ್ಕೆ 1951ರಲ್ಲಿ ಗೌಡರ ಸಮಾಜವಾದಿ ಪಕ್ಷ ಹೆಗಲು ಕೊಟ್ಟಿತು. ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದ ಮೇಲೆ ಕಾಗೋಡಿನ ಹೆಸರು ದೇಶಕ್ಕೆಲ್ಲ ತಿಳಿಯಿತು. ಗೇಣಿದಾರರ ಪ್ರಶ್ನೆಯನ್ನು ರಾಜ್ಯ ರಾಜಕಾರಣದ ನಡುವಿಗೆ ತಂದ ಚಳವಳಿ ಇದು.

ಮರುವರ್ಷ ಗೌಡರು ಸಾಗರ–ಹೊಸನಗರ ಕ್ಷೇತ್ರದಿಂದ ಗೆದ್ದರು. 1957ರಲ್ಲಿ ಸೋಲು, 1962 ಮತ್ತು 1967ರಲ್ಲಿ ತೀರ್ಥಹಳ್ಳಿಯಿಂದ ಗೆಲುವು. ಭೂಸುಧಾರಣೆ, ಆಡಳಿತದಲ್ಲಿ ಕನ್ನಡ, ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಅವರು ಬಿಡದೆ ಎತ್ತಿದ ವಿಷಯಗಳು. ಸಂಖ್ಯಾಬಲವಿಲ್ಲದ ಪಕ್ಷಕ್ಕೆ ಅವರ ಮಾತೇ ಬಲವಾಗಿತ್ತು.

1972ರ ಜೂನ್‌ನಲ್ಲಿ, ಐವತ್ತು ತುಂಬುವ ಮೊದಲೇ, ಅವರು ತೀರಿಕೊಂಡರು. 1973ರ ನವೆಂಬರ್ 1ರಂದು ರಾಜ್ಯ ಕರ್ನಾಟಕವಾಯಿತು. 1974ರಲ್ಲಿ ದೇವರಾಜ ಅರಸು ಸರ್ಕಾರದ ಭೂಸುಧಾರಣೆ ಜಾರಿಗೆ ಬಂತು. ಸಮಾಜವಾದಿ ಪಕ್ಷ ರಾಜ್ಯದಲ್ಲಿ ಎಂದೂ ಅಧಿಕಾರ ಹಿಡಿಯಲಿಲ್ಲ. ಆದರೆ ಅದೇ ಗರಡಿಯ ಎಸ್. ಬಂಗಾರಪ್ಪ 1990ರಲ್ಲಿ ಕಾಂಗ್ರೆಸ್ಸಿನಿಂದ, ಜೆ.ಎಚ್. ಪಟೇಲ್ 1996ರಲ್ಲಿ ಜನತಾದಳದಿಂದ ಮುಖ್ಯಮಂತ್ರಿಗಳಾದರು.